ಪುಟ ಮಗುಚದ ಮಲ್ಲಾಜಮ್ಮ

ಗೊತ್ತಾಗಲಿಲ್ಲ ಎಂಬ ಮಾತನ್ನು ಮಲ್ಲಾಜಮ್ಮನಷ್ಟು ಠೀವಿಯಿಂದ ಹೇಳಿದವರನ್ನು ನಾನು ಕಂಡಿಲ್ಲ. ನಲವತ್ತು ವರ್ಷ ಸಂಘ, ಜಾಥಾ, ಲಾಠಿ, ಜೈಲು ಎಂದು ತಿರುಗಿದವನು ನಾನು; ಗೊತ್ತಿಲ್ಲದ್ದನ್ನು ಮೈಕಿನ ಮುಂದೆ ಗೊತ್ತಿದ್ದಂತೆ ಗರ್ಜಿಸುವುದೇ ನಮ್ಮ ಕಸುಬಿನ ಅರ್ಧ. ಹನಗೋಡಿನ ಆಚೆಯ ಹಳ್ಳಿಯ ಈ ಹೆಂಗಸು ಮಾತ್ರ ಹತ್ತು ಜನರ ನಡುವೆ ಎದೆಯೆತ್ತಿ, "ಗೊತ್ತಾಗ್ನಿಲ್ಲ ಕಣ್ರೀ, ಇನ್ನೊಂದ್ಸಾರಿ ಓದಿ" ಎನ್ನುತ್ತಿದ್ದಳು, ಗೆದ್ದವಳ ಹಾಗೆ.

ಗಿಡ್ಡ ಆಳು. ಹಸಿ ತಂಬಾಕಿನ ಹೊರೆ ಹೊತ್ತೂ ಹೊತ್ತೂ ಎಡಕ್ಕೆ ವಾಲಿದ ನಡಿಗೆ. ಬರಿಗೈಯಲ್ಲಿ ಬರುವಾಗಲೂ ಅದೃಶ್ಯವಾದ ಭಾರವೊಂದು ಬಲಭುಜದ ಮೇಲೆ ಕೂತಂತೆ. ಮೈಮೇಲೆ ಬೇಸಿಗೆಯಲ್ಲೂ ಬಿಡದ ಗಂಡಸಿನ ಕಂದು ಸ್ವೆಟರು, ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯದು. ಅದರ ಒಂದು ಜೇಬಿನಲ್ಲಿ ದಾರ ಕಟ್ಟಿದ ಕನ್ನಡಕ, ಇನ್ನೊಂದರಲ್ಲಿ ತಂಬಾಕಿನ ಎಲೆ ಕಟ್ಟುವ ಹುರಿಯ ಉಂಡೆ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಬೈಬಲ್ ಓದಲೆಂದೇ.

ಭಾನುವಾರ ಮಧ್ಯಾಹ್ನ ಆಕೆಯ ತಂಬಾಕು ಒಣಗಿಸುವ ಬ್ಯಾರನ್ನಿನ ನೆರಳಿಗೆ ಜನ ಸೇರುತ್ತಾರೆ. ಒಬ್ಬೊಬ್ಬರೂ ಒಂದೊಂದು ವಾಕ್ಯ ಓದಬೇಕು. ಓದು ಬಾರದವರಿಗೆ ಪಕ್ಕದವರು ಓದಿ ಕೇಳಿಸಬೇಕು. ಆಮೇಲೆ ಅದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಕೂತವರಲ್ಲಿ ಒಬ್ಬರಿಗೆ ತಿಳಿಯದಿದ್ದರೂ ಓದು ಅಲ್ಲಿಗೇ ನಿಲ್ಲುತ್ತದೆ. ಹುರಿಯ ತುಂಡೊಂದನ್ನು ಆ ಸಾಲಿನ ಮೇಲಿಟ್ಟು ಪುಸ್ತಕ ಮುಚ್ಚಿದರೆ ಮುಂದಿನ ವಾರ ಮತ್ತೆ ಅಲ್ಲಿಂದಲೇ. ಒಣಗಿದ ತಂಬಾಕನ್ನು ಗ್ರೇಡು ಮಾಡುವಾಗ ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. "ಒಂದು ಕೆಟ್ಟೆಲೆ ಸೇರ್ಕಂಡ್ರೆ ಇಡೀ ಮೂಟೇನೇ ವಾಪಸ್ ಬತ್ತದೆ. ಗೊತ್ತಾಗ್ದೆ ಮುಂದಕ್ಕೋದ್ರೂ ಅಂಗೇಯ" ಎನ್ನುವಳು. ಯಾರೋ ಇಬ್ಬರು ಬೈಕು ನಿಲ್ಲಿಸಿ, ಇಲ್ಲೇನು ನಡೀತಾ ಇದೆ ಎಂದು ಜೋರು ಮಾಡಿದಾಗ ತಲೆಯನ್ನೂ ಎತ್ತಲಿಲ್ಲ: "ಓದ್ತಾ ಇವ್ನಿ ಕಣಪ್ಪ. ಕೂತ್ಕೊ, ನಿನ್ ಸರದಿಗೂ ಒಂದು ಬತ್ತದೆ." ಒಬ್ಬ ಕೂತೇಬಿಟ್ಟ. ಇನ್ನೊಬ್ಬ ಬೈಕು ಕಾದ.

ನಾನು ಅಲ್ಲಿಗೆ ಹೋದದ್ದು ರ‍್ಯಾಲಿಯ ಕರಪತ್ರ ಹಂಚಲು. ಆಕೆ ಕನ್ನಡಕ ಏರಿಸಿ, ಬೆರಳಿಟ್ಟು ಓದಿ, "'ಸಮಗ್ರ ಪರಿವರ್ತನೆ' ಅಂದ್ರೇನಣ್ಣ? ನಿಮ್ಮ ಮಾತ್ನಾಗೆ ಏಳಿ" ಎಂದಳು. ಆ ಕರಪತ್ರ ಬರೆದವನೇ ನಾನು. ಉಳಿದ ಕರಪತ್ರಗಳನ್ನು ಚೀಲಕ್ಕೆ ತುರುಕಿದೆ. ದೇವರು ದಿಂಡರು ಎಂದರೆ ಮೂಗು ಮುರಿಯುವ ನಾನು ಅಂದಿನಿಂದ ಅಲ್ಲಿ ಹೋಗಿ ಕೂರುತ್ತೇನೆ.

ಕಳೆದ ವರ್ಷ ಓದು ಒಂದೇ ವಾಕ್ಯದಲ್ಲಿ ಆರು ವಾರ ಸಿಕ್ಕಿಕೊಂಡಿತು. ದೇವರಿಗೆ ಕಾಣಿಕೆ ತಂದವನಿಗೆ ಒಡಹುಟ್ಟಿದವರ ಮನಸ್ಸು ತನ್ನಿಂದ ನೊಂದಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು ಎಂಬ ಮಾತು. ಎಲ್ಲರಿಗೂ ತಿಳಿಯಿತು. ತಿಳಿಯದವಳು ಮಲ್ಲಾಜಮ್ಮ.

ಹಣೆಯ ವಿಭೂತಿ ಅಳಿಸದೆಯೇ ಬಂದು ಕೂರುವ ಪಕ್ಕದ ಮನೆಯ ಮುದುಕ ಕರಿಯಯ್ಯ ರೇಗಿಸಿದ: "ನನ್ನಂಥ ಕಲ್ಲುಬಂಡೆಗೇ ಗೊತ್ತಾಯ್ತು ಕಣವ್ವ. ನಾನೇ ಬುಡಿಸಿ ಏಳ್ಲಾ?"

"ಗೊತ್ತಾಗ್ನಿಲ್ಲ ಅಂದ್ನಲ್ಲ" ಎಂದಳು ನೆಲ ನೋಡಿಕೊಂಡು. ಆ ದನಿಯಲ್ಲಿ ಠೀವಿ ಇರಲಿಲ್ಲ.

ಕಾರಣ ಊರಿಗೇ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಆಕೆ ಬೈಬಲ್ ಹಿಡಿದ ಹೊಸತರಲ್ಲಿ, ಸ್ವಂತ ಅಕ್ಕ ಚಿಕ್ಕಬೀರಮ್ಮ ಮದುವೆಮನೆಯಲ್ಲಿ ನಾಲ್ಕು ಜನರ ಎದುರು ಹಂಗಿಸಿದ್ದಳು. ಮರುತಿಂಗಳೇ ಅಕ್ಕನ ಗಂಡ ತೀರಿಕೊಂಡ. ಹಂಗಿಸಿದ ಸಿಟ್ಟಿಗೆ ಮಲ್ಲಾಜಮ್ಮ ಮಣ್ಣು ಮಾಡುವುದಕ್ಕೂ ಹೋಗಲಿಲ್ಲ. ಅಲ್ಲಿಂದಾಚೆಗೆ ಅಕ್ಕತಂಗಿಯರಿಗೆ ಮಾತಿಲ್ಲ. ಅಕ್ಕ ಈಗ ಬೈಲಕುಪ್ಪೆ ಬಳಿಯ ಕೊಪ್ಪದ ರಸ್ತೆ ಬದಿಯಲ್ಲಿ ಸೊಪ್ಪು ಮಾರುತ್ತಾಳೆ. ಗೊತ್ತಾಯಿತು ಎಂದರೆ ಅಲ್ಲಿಗೆ ಹೋಗಬೇಕು, ಹೋದರೆ ಬೀದಿಯಲ್ಲಿ ಮುಖಕ್ಕೆ ಉಗಿಸಿಕೊಳ್ಳಬೇಕು; ಹೋಗದಿದ್ದರೆ ತಾನೇ ಹಾಕಿದ ಕಟ್ಟಳೆಯಲ್ಲಿ ಎಲ್ಲರ ಓದೂ ಕೊಳೆಯಬೇಕು.

ಏಳನೆಯ ಭಾನುವಾರ ಹುರಿಯ ತುಂಡನ್ನು ಎತ್ತಿ ಜೇಬಿಗಿಟ್ಟುಕೊಂಡಳು. "ಗೊತ್ತಾಯ್ತು ಕಣ್ರೀ. ಮೊದಲ್ನೇ ವಾರವೇ ಗೊತ್ತಾಗಿತ್ತು. ಸುಳ್ಳೇಳ್ದೆ." ನನ್ನ ಕಡೆ ತಿರುಗಿ, "ಅಣ್ಣ, ಸ್ಕೂಟ್ರು ತಗೀರಿ" ಎಂದಳು.

ಕೊಪ್ಪದಲ್ಲಿ ಚಿಕ್ಕಬೀರಮ್ಮ ತಲೆಯೆತ್ತದೆ, "ಯಾವ ಸೊಪ್ಪು?" ಎಂದಳು.

"ಸೊಪ್ಪಲ್ಲ ಅಕ್ಕ. ಭಾವನ ಮಣ್ಣಿಗೆ ನಾನು ಬರ್ನಿಲ್ಲ. ತಪ್ಪು ನಂದೇ."

ಅಕ್ಕ ಮೂರು ಗಿರಾಕಿಗಳಿಗೆ ಕೊಟ್ಟು ಮುಗಿಸುವವರೆಗೂ ತಂಗಿ ಬಿಸಿಲಿನಲ್ಲಿ, ಎಡಕ್ಕೆ ವಾಲಿಕೊಂಡು, ನಿಂತೇ ಇದ್ದಳು. ಲಾಠಿ ಎತ್ತಿದ ಪೊಲೀಸರ ಎದುರು ಕದಲದೆ ನಿಂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಬೆನ್ನಿಗೆ ನಾವಿರುತ್ತಿದ್ದೆವು, ಘೋಷಣೆಯಿರುತ್ತಿತ್ತು. ಹೀಗೆ ಒಂಟಿಯಾಗಿ ನಿಂತದ್ದನ್ನು ನೋಡಿರಲಿಲ್ಲ.

ಕೊನೆಗೆ ಚಿಕ್ಕಬೀರಮ್ಮ ಅಂದಳು: "ಒಂಬತ್ತು ವರ್ಸ ಬೇಕಾಯ್ತಾ? ಅಷ್ಟೊಂದು ನಿಧಾನವಾ ನಿನ್ನ ಓದು?" ಆಮೇಲೆ ಪಕ್ಕದ ಗೋಣಿಚೀಲವನ್ನು ಕಾಲಿನಿಂದ ಸರಿಸಿ ಜಾಗ ಮಾಡಿದಳು. "ಕೂತ್ಕೊ. ನೀರು ಚಿಮುಕ್ಸು, ಸೊಪ್ಪು ಬಾಡ್ತದೆ."

ಮಲ್ಲಾಜಮ್ಮ ಸ್ವೆಟರಿನ ತೋಳು ಮೇಲಕ್ಕೆ ಮಡಿಸಿದಳು.

ನನಗೆ ಅಂದೂ ದೇವರಲ್ಲಿ ನಂಬಿಕೆಯಿರಲಿಲ್ಲ, ಇಂದೂ ಇಲ್ಲ. ಆದರೆ ಇಂಥವರ ಮುಂದೆ ನನ್ನ ಬೆನ್ನು ತಾನಾಗಿ ಬಾಗುತ್ತದೆ. ನಮ್ಮಂಥವರು ಕಪಾಟುಗಟ್ಟಲೆ ಓದಿ, ಅಡಿಗೆರೆ ಎಳೆದು, ಮುಂದಿನ ಪುಸ್ತಕಕ್ಕೆ ಹೋದೆವು. ಓದಿದ ಮಾತು ಕಾಲಿಗೆ ಇಳಿಯುವ ತನಕ ಪುಟ ಮಗುಚದ ಜನವೊಂದಿದೆ. ಜೀವಮಾನವೆಲ್ಲ ಕೂತರೂ ಅವರ ಪುಸ್ತಕ ಮುಗಿಯಲಾರದು; ಮುಗಿದಷ್ಟು ಪುಟಗಳನ್ನು ಮಾತ್ರ ಅವರು ನಡೆದೇ ದಾಟಿರುತ್ತಾರೆ.