ಕೋಚ್ ಸ್ಟ್ಯಾಂಪರ್ ಗಂಟಲು

ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಟೈಮ್‌ಔಟ್ ಕೇಳಿ ಹುಡುಗರನ್ನು ಬೆಂಚಿನ ಬಳಿ ಕರೆಸಿಕೊಂಡ ಆರ್ವಿಲ್ ಸ್ಟ್ಯಾಂಪರ್ ಎಂದಿನಂತೆ ಎದೆ ತುಂಬ ಉಸಿರೆಳೆದು ಬಾಯಿ ತೆರೆದ. ಬಂದದ್ದು ಬರೀ ಗಾಳಿ. ತೂತುಬಿದ್ದ ಟ್ಯೂಬಿನಿಂದ ಬರುವಂಥ ಒಂದು ಸುಯ್ಯೆನ್ನುವ ಸದ್ದು. ಬೆವರು ಸುರಿಸುತ್ತ ನಿಂತಿದ್ದ ಹುಡುಗರು ಅವನ ಮುಖ ನೋಡಿದರು, ಆಮೇಲೆ ತಮ್ಮ ತಮ್ಮಲ್ಲೇ ಮುಖ ನೋಡಿಕೊಂಡರು. ಹಿಂದೆ ಗ್ಯಾಲರಿಯಲ್ಲಿ ಕಾಲೇಜಿನ ಬ್ಯಾಂಡಿನವರು ಡ್ರಮ್ಮು ಬಡಿಯುತ್ತಲೇ ಇದ್ದರು.

"ಏನಂದ್ರಿ ಕೋಚ್?" ಎಂದು ತಂಡದಲ್ಲೆಲ್ಲ ಎತ್ತರದ ಹುಡುಗ ಟಕರ್ ಬ್ಲೆವಿನ್ಸ್ ಬಗ್ಗಿ ಕಿವಿಗೊಟ್ಟ.

ಸ್ಟ್ಯಾಂಪರ್ ಕತ್ತಿನ ನರ ಉಬ್ಬಿಸಿ ಇನ್ನೊಮ್ಮೆ ಹೇಳಿದ. ಎದುರಾಳಿಗಳಲ್ಲಿ ಎಡಗಡೆಯವನನ್ನು ಬಿಡಬೇಡಿ ಎಂಬುದು ಅವನ ಮಾತು.

"ಏನಂತೆ?"

"ಎಡಗಡೆಯವನ್ನ ಬಿಟ್‌ಬಿಡ್ಬೇಕಂತೆ."

"ಬಿಟ್‌ಬಿಡೋದಾ? ಅವ್ನೇ ಅಲ್ವೇನೋ ಎಲ್ಲಾ ಹಾಕ್ತಿರೋದು?"

"ಕೋಚ್ ಹೇಳಿದ್ಮೇಲೆ ಏನೋ ಇರುತ್ತೆ, ನಡಿ."

ರೆಫರಿ ಸೀಟಿ ಊದಿದ. ಹುಡುಗರು ವಿಧೇಯತೆಯಿಂದ ಎಡಗಡೆಯವನನ್ನು ಬಿಟ್ಟುಬಿಟ್ಟರು. ಅವನು ಯಾರ ಅಡ್ಡಿಯೂ ಇಲ್ಲದೆ ಬಾಸ್ಕೆಟ್ ಮೇಲೆ ಬಾಸ್ಕೆಟ್ ಹಾಕಿದ. ಸ್ಟ್ಯಾಂಪರ್ ಕೋರ್ಟಿನ ಗೆರೆಯ ಮೇಲೆ ನಿಂತು ಎರಡೂ ಕೈ ಬೀಸುತ್ತಿದ್ದ. ಎದುರಾಳಿ ಕಾಲೇಜಿನ ವಿದ್ಯಾರ್ಥಿಗಳು ಅದನ್ನೇ ಅನುಕರಿಸಿ ಕೈ ಬೀಸಿ ನಕ್ಕರು.

ಆಗಸ್ಟ್‌ನಲ್ಲಿ ಅವನ ಥೈರಾಯ್ಡಿನಲ್ಲಿದ್ದ ಗಂಟನ್ನು ತೆಗೆದಿದ್ದರು. ಗಂಟೇನೋ ಹೋಯಿತು, ಜೀವಕ್ಕೆ ಭಯವಿಲ್ಲ ಎಂದರು. ಆದರೆ ಗಂಟಿಗೆ ಅಂಟಿಕೊಂಡಿದ್ದ ಧ್ವನಿಯ ನರ ಸೋತಿತ್ತು. ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು, ವರ್ಷ ಕಾಯೋಣ ಎಂದು ಡಾಕ್ಟರು ಹೇಳಿದ್ದರು. ಸ್ಟ್ಯಾಂಪರ್ ಕೂಗಿದರೆ ಪಕ್ಕದ ಕೌಂಟಿಯ ನಾಯಿಗಳು ಬೊಗಳುತ್ತವೆ ಎಂದು ಊರಿನ ಕ್ಷೌರದಂಗಡಿಯಲ್ಲಿ ತಮಾಷೆ ಮಾಡುತ್ತಿದ್ದ ಕಾಲವಿತ್ತು. ಅವನ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದು ಕಿವಿ ಕಳೆದುಕೊಂಡಿದ್ದವನು. ಆ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಕೂಗಬೇಕಾಗಿತ್ತು, ಮುದ್ದು ಮಾಡುವುದಕ್ಕೂ ಕೂಗಬೇಕಾಗಿತ್ತು. ಹಾಗೆ ಬೆಳೆದವನಿಗೆ ಮಾತು ಎಂದರೇ ಕೂಗು.

ಹೋದ ವರ್ಷವೇ ತಂಡ ಪಟ್ಟಿಯ ತಳದಲ್ಲಿತ್ತು. ಕೆಂಟಕಿಯ ಆ ಬೆಟ್ಟಸೀಮೆಯ ಕಾಲೇಜುಗಳು ತಮ್ಮೊಳಗೆ ಆಡುವ ಕಾನ್ಫರೆನ್ಸ್ ಅಂಥಿಂಥದಲ್ಲ. ಒಂದೊಂದು ಕಣಿವೆಗೂ ಒಂದೊಂದು ತಂಡ, ಯಾವುದೂ ಇನ್ನೊಂದಕ್ಕೆ ಬಗ್ಗುವುದಿಲ್ಲ. ಮೇಲಿನ ಎಂಟು ತಂಡಗಳಿಗೆ ಮಾತ್ರ ಮಾರ್ಚ್ ತಿಂಗಳ ಟೂರ್ನಿಯಲ್ಲಿ ಜಾಗ. ಆ ಮೊದಲ ಸೋಲಿನ ಮರುದಿನ ಕ್ರೀಡಾ ವಿಭಾಗದ ಮುಖ್ಯಸ್ಥೆ ರೋಂಡಾ ಹ್ಯಾಚರ್ ಅವನನ್ನು ಕರೆಸಿದಳು.

"ಆರ್ವಿಲ್, ಒಂದು ವರ್ಷ ರೆಸ್ಟ್ ತಗೋ. ಟೀಮನ್ನ ನಿನ್ನ ಅಸಿಸ್ಟೆಂಟ್ ಕೆರಿ ನೋಡ್ಕೋತಾನೆ."

ಅವನು ಆಗದೆಂದು ತಲೆಯಾಡಿಸಿದ.

"ಹಠ ಮಾಡ್ಬೇಡಪ್ಪ. ಸರಿ, ಈ ಸೀಸನ್ ನೀನೇ ನಡೆಸು. ಟೂರ್ನಿಗೆ ಹೋದ್ರೆ ಸಂತೋಷ. ಹೋಗ್ಲಿಲ್ಲ ಅಂದ್ರೆ ಬರೋ ವರ್ಷ ಕೆರೀದು. ನಂಗೂ ಮೇಲಿನವ್ರು ಕೇಳ್ತಾರೆ."

ಡಿಸೆಂಬರ್ ಪೂರ್ತಿ ಸೋಲು. ಒಂದು ಬಿಳಿ ಹಲಗೆ ತಂದು ಬರೆದು ತೋರಿಸಿದ. ಬರೆಯುವಷ್ಟರಲ್ಲಿ ಟೈಮ್‌ಔಟ್ ಮುಗಿಯುತ್ತಿತ್ತು. ಸೀಟಿಯಲ್ಲಿ ಸಂಕೇತ ಮಾಡಿದ; ರೆಫರಿ ಬೈದ. ಕೆರಿಯ ಕೈಯಲ್ಲಿ ಕೂಗಿಸಿದ. ಕೆರಿಯ ಕೂಗಿನಲ್ಲಿ ಎಲ್ಲವೂ ಪ್ರಾರ್ಥನೆಯಂತೆ ಕೇಳಿಸುತ್ತಿತ್ತು.

ಮನೆಯಲ್ಲಿ ಮಾತ್ರ ಒಂದು ಬದಲಾವಣೆ ತಾನಾಗಿಯೇ ಆಯಿತು. ಹೆಂಡತಿ ನೇಡೀನ್‌ಗೆ ಈಚೆಗೆ ಕಿವಿ ತುಸು ಮಂದ. ಮದುವೆಯಾದಾಗಿನಿಂದ ಊಟದ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕೂತು ಉಂಡವರು. ಅವನ ಪಿಸುಮಾತು ಮೇಜನ್ನು ದಾಟುತ್ತಿರಲಿಲ್ಲ. ಒಂದು ಸಂಜೆ ಅವಳು ಹುರುಳಿಕಾಯಿಯ ಪಾತ್ರೆ ಇಟ್ಟವಳೇ ತನ್ನ ಕುರ್ಚಿ ಎಳೆದುಕೊಂಡು ಬಂದು ಅವನ ಪಕ್ಕದಲ್ಲೇ ಕೂತಳು.

"ಈಗ ಹೇಳು, ಏನಂದೆ?"

"ಕಾರ್ನ್‌ಬ್ರೆಡ್ ಚೆನ್ನಾಗಿದೆ ಅಂದೆ."

"ಅಷ್ಟಕ್ಕೆ ನಾನು ಕುರ್ಚಿ ಎಳ್ಕೊಂಡು ಬಂದ್ನಾ!" ಎಂದು ನಕ್ಕಳು. ಆದರೆ ಕುರ್ಚಿ ಮತ್ತೆ ಆಚೆಗೆ ಹೋಗಲಿಲ್ಲ.

ಕ್ರಿಸ್‌ಮಸ್ ರಜೆ ಮುಗಿದ ಮೇಲಿನ ಮೊದಲ ಅಭ್ಯಾಸದ ದಿನ. ಲವಾನ್ ಪೆಟಿಗ್ರೂ ತಂಡದ ಚೆಂಡನ್ನು ನಡೆಸುವ ಹುಡುಗ. ಲೂಯಿವಿಲ್‌ನಿಂದ ಬಂದವನು, ಮೂರನೇ ವರ್ಷ, ಕಾಲು ಚುರುಕು, ಮಾತು ಕಡಿಮೆ. ಸ್ಟ್ಯಾಂಪರ್‌ನ ಬೈಗುಳದ ದೊಡ್ಡ ಪಾಲು ಯಾವಾಗಲೂ ಅವನಿಗೇ ಮೀಸಲು, ಏಕೆಂದರೆ ತಂಡದಲ್ಲಿ ನಿಜವಾಗಿ ಆಟ ಇದ್ದದ್ದು ಅವನ ಕೈಯಲ್ಲೇ. ಅಂದು ಲವಾನ್ ಮತ್ತೆ ಅದೇ ತಪ್ಪು ಮಾಡಿದ; ತಾನು ಕಾಯಬೇಕಾದವನನ್ನು ಬಿಟ್ಟು ಚೆಂಡಿನ ಹಿಂದೆ ಓಡಿದ. ಸ್ಟ್ಯಾಂಪರ್ ಬಾಯಿ ತೆರೆದು, ಉಪಯೋಗವಿಲ್ಲವೆಂದು ನೆನಪಾಗಿ ಮುಚ್ಚಿ, ಇಡೀ ಕೋರ್ಟು ದಾಟಿ ಅವನ ಬಳಿಗೆ ನಡೆದ.

ತೀರ ಹತ್ತಿರ ಹೋಗಿ ಹೇಳಬೇಕಾಗಿತ್ತು. ಅವನು ಮುಖ ಮುಂದೆ ಮಾಡುತ್ತಲೇ ಲವಾನ್ ಕಣ್ಣು ಮುಚ್ಚಿ, ಕತ್ತು ಒಳಗೆಳೆದುಕೊಂಡು, ಭುಜ ಬಿಗಿಹಿಡಿದ. ಏಟು ಬೀಳುತ್ತದೆ ಎಂದು ಕಾಯುವವರು ಹಾಗೆ ನಿಲ್ಲುತ್ತಾರೆ.

ಸ್ಟ್ಯಾಂಪರ್ ಯಾವತ್ತೂ ಯಾವ ಹುಡುಗನ ಮೇಲೂ ಕೈ ಮಾಡಿದವನಲ್ಲ. ಅವನು ನಿಂತಲ್ಲೇ ನಿಂತ. ಆಮೇಲೆ, ಆದಷ್ಟು ಮೆಲ್ಲಗೆ, "ಚೆಂಡು ನೋಡ್ಬೇಡ ಕಣೋ. ಅವನ ಸೊಂಟ ನೋಡು. ಸೊಂಟ ಸುಳ್ಳು ಹೇಳಲ್ಲ," ಎಂದ.

ಲವಾನ್ ಕಣ್ಣು ಬಿಟ್ಟ. "ಅಷ್ಟೇನಾ?"

"ಅಷ್ಟೇ."

"ಇದನ್ನ ಮುಂಚೆ ಯಾಕೆ ಹೇಳ್ಲಿಲ್ಲ ಕೋಚ್?"

"ಹೇಳಿದೀನಲ್ಲೋ! ಮೂರು ವರ್ಷದಿಂದ ಬಡ್ಕೊಂಡಿದೀನಿ."

ಹುಡುಗ ಬೂಟಿನ ತುದಿಯಿಂದ ನೆಲ ಕೆರೆದ. "ಬೇಜಾರು ಮಾಡ್ಕೋಬೇಡಿ. ನೀವು ಕೂಗೋಕೆ ಶುರು ಮಾಡಿದ್ರೆ ನಂಗೆ ಏನೂ ಕೇಳಿಸ್ತಾನೇ ಇರ್ಲಿಲ್ಲ. ನಿಮ್ಮ ಬಾಯಿ ಅಲ್ಲಾಡೋದು ಕಾಣ್ತಿತ್ತು, ಅಷ್ಟೇ. ಯಾವಾಗ ಮುಗಿಯುತ್ತೋ ಅಂತ ಕಾಯ್ತಿದ್ದೆ."

  ಸಂಜೆ ಮನೆಗೆ ಹೋಗುವಾಗ ಸ್ಟ್ಯಾಂಪರ್ ಕಾರನ್ನು ಹೊಳೆಯ ಸೇತುವೆಯ ಪಕ್ಕ ನಿಲ್ಲಿಸಿದ. ಇಷ್ಟು ವರ್ಷಗಳಲ್ಲಿ ಅವನ ಕೈಕೆಳಗೆ ಆಡಿಹೋದ ಹುಡುಗರ ಮುಖಗಳು ಬಂದುಹೋದವು. ಅವರಲ್ಲಿ ಎಷ್ಟು ಜನ ಅವನ ಮಾತು ಕೇಳಿಸಿಕೊಂಡಿದ್ದರು, ಎಷ್ಟು ಜನ ಬರೀ ಕಾಯುತ್ತಿದ್ದರು?

ಮರುದಿನದಿಂದ ಅವನು ನಡೆಯತೊಡಗಿದ. ಒಬ್ಬೊಬ್ಬರ ಬಳಿಗೂ ಹೋಗಿ ಹೇಳಬೇಕಾದದ್ದನ್ನು ಕಿವಿಯ ಹತ್ತಿರ ಹೇಳಿ ಬರುತ್ತಿದ್ದ. ಹತ್ತಿರ ಹೋದಾಗ ದೂರದಿಂದ ಕಾಣದ್ದೂ ಕಾಣುತ್ತಿತ್ತು. ಟಕರ್ ಉಗುರು ಕಚ್ಚಿ ಕಚ್ಚಿ ಬೆರಳಲ್ಲಿ ರಕ್ತ ಬರಿಸಿಕೊಂಡಿದ್ದ; ವಿಚಾರಿಸಿದರೆ ಅವನ ಅಜ್ಜಿ ಆಸ್ಪತ್ರೆಯಲ್ಲಿದ್ದಳು. "ಹೇಳೋದಲ್ವೇನೋ? ಹೋಗಿ ನೋಡ್ಕೊಂಡು ಬಾ, ನಾಳೆ ಅಭ್ಯಾಸ ಬೇಡ," ಎಂದ. ಟಕರ್ ಅಷ್ಟೆತ್ತರದಿಂದ ಬಗ್ಗಿ ಅವನನ್ನು ಅಪ್ಪಿಕೊಂಡುಬಿಟ್ಟ.

ಟೈಮ್‌ಔಟ್‌ಗಳೂ ಬದಲಾದವು. ಅವನ ಪಿಸುಮಾತು ಕೇಳಬೇಕಾದರೆ ಹುಡುಗರು ತಲೆಗೆ ತಲೆ ತಾಗಿಸಿ, ಹೆಗಲ ಮೇಲೆ ಕೈ ಹಾಕಿ, ಉಸಿರು ಬಿಗಿಹಿಡಿದು ನಿಲ್ಲಬೇಕಾಗಿತ್ತು. ಒಬ್ಬ ಕೆಮ್ಮಿದರೆ ಉಳಿದವರು "ಶ್ ಶ್" ಎಂದು ಗದರುತ್ತಿದ್ದರು. ಗ್ಯಾಲರಿಯಲ್ಲಿ ಕೂತವರಿಗೆ ಅದೇನೋ ಒಳಸಂಚಿನಂತೆ ಕಾಣುತ್ತಿತ್ತು. ಜನವರಿಯ ಕೊನೆಗೆ ಒಂದು ಪಂದ್ಯ ಗೆದ್ದರು. ಆಮೇಲೆ ಇನ್ನೊಂದು. ಫೆಬ್ರವರಿಯಲ್ಲಿ, ಹಿಮ ಬಿದ್ದು ಅರ್ಧ ದಾರಿ ಮುಚ್ಚಿಹೋಗಿದ್ದಾಗ, ಮೇಲಿನ ಕಣಿವೆಯ ದೊಡ್ಡ ತಂಡವನ್ನೇ ಅವರ ಊರಿನಲ್ಲಿ ಸೋಲಿಸಿ ಬಂದರು. ಗೆಲುವಿನ ನಡುವೆ ಸೋಲುಗಳೂ ಇದ್ದವು. ಕೊನೆಯ ಪಂದ್ಯಕ್ಕೆ ಬರುವಾಗ ಲೆಕ್ಕ ಸರಳವಾಗಿತ್ತು: ಗೆದ್ದವರಿಗೆ ಎಂಟನೆಯ ಜಾಗ, ಸೋತವರು ಮನೆಗೆ.

ಆ ಶನಿವಾರ ಮಧ್ಯಾಹ್ನ ಜಿಮ್ಮಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕೆಲವೇ ಸೆಕೆಂಡು ಉಳಿದಿದ್ದಾಗ ಸ್ಟ್ಯಾಂಪರ್‌ನ ತಂಡ ಒಂದೇ ಅಂಕ ಹಿಂದಿತ್ತು. ಅವನು ಕೊನೆಯ ಟೈಮ್‌ಔಟ್ ಕೇಳಿದ. ಹುಡುಗರು ತಲೆ ಕೂಡಿಸಿ ನಿಂತರು. ಅವನ ತುಟಿ ಆಡಿತು. ಗದ್ದಲಕ್ಕೆ ನೆಲವೇ ನಡುಗುತ್ತಿತ್ತು. ಮೂಗಿನೆದುರಿಗಿದ್ದ ಟಕರ್‌ಗೂ ಒಂದಕ್ಷರ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ. ಇಲ್ಲ. ಚೆಂಡು ಲವಾನ್ ಕೈಗೆ ಹೋಗಬೇಕು, ಅವನೇ ನುಗ್ಗಿ ಹಾಕಬೇಕು ಎಂಬುದು ಅವನ ಯೋಚನೆಯಾಗಿತ್ತು. ಅವನು ಲವಾನ್‌ನ ಜರ್ಸಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಹುಡುಗ ಈ ಸಲ ಕತ್ತು ಒಳಗೆಳೆದುಕೊಳ್ಳಲಿಲ್ಲ, ಕಿವಿ ಕೊಟ್ಟ. ಆ ಕಣ್ಣುಗಳಲ್ಲಿ ಆಗಲೇ ಏನೋ ಒಂದು ಲೆಕ್ಕಾಚಾರ ಓಡುತ್ತಿತ್ತು. ಅದನ್ನು ಕಂಡ ಸ್ಟ್ಯಾಂಪರ್ ತನ್ನ ಮಾತನ್ನು ನುಂಗಿಕೊಂಡ.

"ನೀನು ಹೇಳು," ಎಂದು ಅವನ ಕಿವಿಯಲ್ಲಿ ಹೇಳಿದ. "ಒಳಗಿದ್ದು ನೋಡ್ತಿರೋನು ನೀನು."

ಲವಾನ್ ಒಂದು ಕ್ಷಣ ಅವನ ಮುಖವನ್ನೇ ನೋಡಿದ. ಆಮೇಲೆ ತಿರುಗಿ ದೊಡ್ಡ ದನಿಯಲ್ಲಿ ಹೇಳತೊಡಗಿದ. ಅಷ್ಟು ದೊಡ್ಡ ದನಿ ಅವನಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ಕೇಳ್ರೋ! ಅವ್ರೆಲ್ಲ ನನ್ನ ಮೇಲೇ ಬೀಳ್ತಾರೆ. ಬೀಳ್ಲಿ. ಟಕರ್, ನೀನು ಬಾಸ್ಕೆಟ್ ಕೆಳಗೆ ಸುಮ್ನೆ ನಿಂತಿರು. ಯಾರಿಗೂ ಬೇಡದವನ ಥರ."

"ಅದು ನಂಗೆ ಚೆನ್ನಾಗ್ ಬರುತ್ತೆ ಬಿಡು," ಎಂದ ಟಕರ್. ಅಂಥ ಹೊತ್ತಿನಲ್ಲೂ ಎಲ್ಲರೂ ನಕ್ಕುಬಿಟ್ಟರು.

ಹಾಗೇ ಆಯಿತು. ಲವಾನ್ ನುಗ್ಗಿದ, ಮೂವರು ಅವನಿಗೆ ಗೋಡೆ ಕಟ್ಟಿದರು, ಅವರ ಕಾಲುಗಳ ನಡುವಿನಿಂದ ಚೆಂಡು ಹೇಗೋ ನುಸುಳಿ ಟಕರ್‌ನ ಕೈಗೆ ಬಂತು. ಟಕರ್ ಅದನ್ನು ಕಪಾಟಿನ ಮೇಲೆ ತಟ್ಟೆ ಇಡುವಷ್ಟು ಜೋಪಾನವಾಗಿ ಬಾಸ್ಕೆಟ್ಟಿನೊಳಗೆ ಇಟ್ಟ. ಜನ ಕೋರ್ಟಿಗೆ ನುಗ್ಗಿದರು. ಮೇಲಿನ ಸಾಲಿನಲ್ಲಿ ನೇಡೀನ್ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದುದು ಸ್ಟ್ಯಾಂಪರ್‌ಗೆ ಕಂಡಿತು.

ಟೂರ್ನಿಯ ಮೊದಲ ಸುತ್ತಿನಲ್ಲೇ ಅಗ್ರಸ್ಥಾನದ ತಂಡ ಎದುರಾಯಿತು. ಅರ್ಧ ಆಟದವರೆಗೆ ಸಮಸಮ ಆಡಿ, ಆಮೇಲೆ ಸುಸ್ತಾಗಿ, ಚೆನ್ನಾಗಿಯೇ ಸೋತರು. ಹುಡುಗರು ಬಟ್ಟೆ ಬದಲಿಸುವ ಕೋಣೆಯಲ್ಲಿ ಟವೆಲು ಮುಖಕ್ಕೊತ್ತಿ ಅತ್ತರು. ಸ್ಟ್ಯಾಂಪರ್ ಭಾಷಣ ಮಾಡಲಿಲ್ಲ. ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ ಕೂತು ಅವರವರಿಗೆ ಸೇರಿದ ಮಾತು ಹೇಳಿದ. ಕೊನೆಗೆ ಮಂಡಿ ನೋವು ಬಂದು ಏಳಲಾಗದೆ ಟಕರ್ ಎಬ್ಬಿಸಬೇಕಾಯಿತು. ಹೊರಗೆ ಕಾಯುತ್ತಿದ್ದ ರೋಂಡಾ ಸೋಲಿನ ಮಾತೆತ್ತಲಿಲ್ಲ. "ಬೇಸಿಗೆ ಕ್ಯಾಂಪು ಯಾವಾಗಿಂದ ಅಂತ ಈ ವಾರದಲ್ಲೇ ಹೇಳ್ಬಿಡು ಆರ್ವಿಲ್, ಆಮೇಲೆ ಹಾಸ್ಟೆಲ್ ಸಿಗಲ್ಲ," ಎಂದಷ್ಟೇ ಅಂದಳು.

ಬಸ್ಸು ಬೆಟ್ಟದ ದಾರಿ ಹಿಡಿದಾಗ ಬಿಸಿಲು ಇಳಿಮುಖವಾಗಿತ್ತು. ಹಿಮ ಕರಗಿದ ಇಳಿಜಾರುಗಳಲ್ಲಿ ಮೇಪಲ್ ಮರಗಳ ಕೊಂಬೆಯ ತುದಿಗಳು ಕೆಂಪಾಗಿದ್ದವು. ಹಿಂದಿನ ಸೀಟುಗಳಲ್ಲಿ ಯಾರೋ ಯಾರನ್ನೋ ರೇಗಿಸುತ್ತಿದ್ದರು. ಲವಾನ್ ಎದ್ದು ಬಂದು ಮುಂದಿನ ಸೀಟಿನಲ್ಲಿ ಸ್ಟ್ಯಾಂಪರ್‌ನ ಪಕ್ಕ ಕೂತ.

"ಅಮ್ಮ ಫೋನ್ ಮಾಡಿದ್ಲು ಕೋಚ್. ಮ್ಯಾಚು ಟೀವೀಲಿ ನೋಡಿದ್ಲಂತೆ. ಕೋಚು ನಿನ್ನ ಕಿವೀಲಿ ಏನೇನೋ ಹೇಳ್ತಿರ್ತಾರಲ್ಲ, ಏನದು ಅಂತ ಕೇಳಿದ್ಲು."

"ಏನಂದೆ?"

"ಅದು ನಮ್ಮಿಬ್ರ ವಿಷ್ಯ, ನಿಂಗ್ಯಾಕೆ ಅಂದೆ. ಬೈದ್ಲು."

ಸ್ಟ್ಯಾಂಪರ್ ನಕ್ಕ. ಅವನ ನಗುವಿಗೂ ಈಗ ಸದ್ದಿರಲಿಲ್ಲ, ಭುಜ ಮಾತ್ರ ಕುಲುಕಿತು. ಹುಡುಗ ಇನ್ನೇನೋ ಹೇಳುವವನಿದ್ದ. ಹೇಳುವ ಮೊದಲೇ ನಿದ್ದೆ ಹತ್ತಿ, ಅವನ ತಲೆ ಒಂದೆರಡು ಸಲ ತೂಗಿ ಸ್ಟ್ಯಾಂಪರ್‌ನ ಬಲಭುಜಕ್ಕೆ ಬಂದು ನಿಂತಿತು.

ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಕ್ಲೈಡ್ ಕನ್ನಡಿಯಲ್ಲಿ ನೋಡಿ ಕೇಳಿದ: "ಮುಂದೆ ಬಂಕ್ ಬರುತ್ತೆ. ನಿಲ್ಲಿಸ್ಲಾ ಕೋಚ್? ಕಾಫಿ ಗೀಫಿ?"

ಸ್ಟ್ಯಾಂಪರ್‌ಗೆ ಕಾಫಿ ಬೇಕಾಗಿತ್ತು. ಬಲಗೈ ಆಗಲೇ ಜೋಮು ಹಿಡಿದಿತ್ತು. ಅವನು ಎಡಗೈ ಎತ್ತಿ, ಮುಂದೆ ಹೋಗು ಎಂದು ಸನ್ನೆ ಮಾಡಿದ. ಬಂಕ್ ಹಿಂದೆ ಸರಿಯಿತು. ದೊಡ್ಡ ತಿರುವೊಂದು ಬಂದು ಬಸ್ಸು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿದಾಗ ಅವನು ಎದುರಿನ ಕಂಬಿಗೆ ಪಾದ ಒತ್ತಿ, ಭುಜ ಅಲುಗದಂತೆ ಹಿಡಿದುಕೊಂಡು ಕೂತ.