ಮೊಳೆಗೆ ತೂಗಿದ ಹೆಡ್‌ಫೋನ್

ಆಡದ ಮಾತಿಗಾಗಿ ಟೆಲಿಫೋನ್ ಆಪರೇಟರಮ್ಮನನ್ನು ಪ್ರಾರ್ಥನಾಲಯದಲ್ಲಿ ಬೈಬಲ್ ಪಾಠ ಓದುವ ಓದುಮೇಜಿನಿಂದ ಇಳಿಸಿದರು. ಅದಾಗಿ ಇಪ್ಪತ್ತಾರು ವರ್ಷ. ಇಂದು ಅವಳ ಶವಪೆಟ್ಟಿಗೆಯನ್ನು ಬಾಗಿಲಲ್ಲಿ ಓರೆಮಾಡಿ ಒಳತರುತ್ತಿದ್ದರು. ಅವಳನ್ನು ಇಳಿಸಿದ ಸಭೆಯ ಹಿರಿಯ ಊರುಗೋಲು ಚಾಚಿ ಅಪ್ಪಣೆ ಕೊಡುತ್ತಿದ್ದ.

"ಪಾಪ, ರೇಡಿಯೋ ನಿಂತೋಯ್ತು," ಹಿಂದಿನ ಬೆಂಚಿನಲ್ಲೊಬ್ಬಳು ಪಿಸುಗುಟ್ಟಿದಳು.

"ಹೆಣದ ಮುಂದೆನೂ ರೇಡಿಯೋನೇನೇ?"

"ಎಲ್ರೂ ಹಂಗೇ ಕರೀತಿದ್ರಲ್ಲಕ್ಕಾ. ಅವಳ ಕಿವಿಗೆ ಬಿದ್ರೆ ಲೋಕಕ್ಕೇ ಕೇಳುತ್ತೆ ಅಂತ."

"ನಿನಗೆ ಯಾವತ್ತಾದ್ರೂ ಒಂದು ಸುದ್ದಿ ಹೇಳಿದ್ಲಾ?"

ಪಿಸುಗುಟ್ಟಿದವಳು ಯೋಚಿಸಿದಳು. ಒಂದೂ ನೆನಪಾಗಲಿಲ್ಲ.

* * *

ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಅವಳದೊಂದು ಪದ್ಧತಿಯಿತ್ತು. ಸ್ವಿಚ್‌ಬೋರ್ಡ್ ಹಲಗೆಗೆ ತಂತಿ ಚುಚ್ಚಿ ಕರೆಯ ಎರಡು ಕಡೆ ಸೇರಿಸಿದ ಕೂಡಲೇ ಹೆಡ್‌ಫೋನ್ ತೆಗೆದು ಗೋಡೆಯ ಮೊಳೆಗೆ ತೂಗುಹಾಕುವಳು. ಹಲಗೆಯ ಪುಟ್ಟ ದೀಪ ಆರಿದರೆ ಮಾತು ಮುಗಿಯಿತೆಂದು ತಂತಿ ಕೀಳುವಳು.

"ಒಂಚೂರು ಕೇಳಿಸ್ಕೊಂಡ್ರೆ ಕಿವಿ ಸವೆದೋಗುತ್ತಾ?" ನರ್ಸ್ ರೇಗಿಸುತ್ತಿದ್ದಳು.

"ಕಿವಿಗೆ ಹೋಗಿದ್ದು ನಾಲಿಗೆಗೆ ಬರೋಕೆ ದಾರಿ ಬಹಳ ಹತ್ರ ಕಣೇ."

ಅವಳನ್ನು ಇಳಿಸಿದ ವರ್ಷ ಹಿರಿಯನ ಮಗಳು ಮನಸ್ಸು ಕೆಟ್ಟು ಎರಡು ತಿಂಗಳು ಅದೇ ಆಸ್ಪತ್ರೆಯಲ್ಲಿದ್ದಳು. ಸುದ್ದಿ ಹೊರಬಿತ್ತು, ಗೊತ್ತಾಗಿದ್ದ ಮದುವೆ ಮುರಿಯಿತು. "ಫೋನಿನಲ್ಲಿ ಕದ್ದು ಕೇಳಿದವಳು ಇವಳೇ," ಎಂದು ಹಿರಿಯ ತುಂಬಿದ ಸಭೆಯಲ್ಲಿ ಬೆರಳು ತೋರಿಸಿದ. ಅವಳು ಬೈಬಲ್ ಮುಚ್ಚಿ, ಓದುಮೇಜಿನಿಂದ ಇಳಿದು, ಕೊನೆಯ ಬೆಂಚಿಗೆ ಹೋಗಿ ಕುಳಿತಳು.

* * *

ಇವತ್ತು ಬೆಳಿಗ್ಗೆ ಹೆಣಕ್ಕೆ ತಲೆ ಬಾಚಲು ಹಿರಿಯನ ಮಗಳೂ ಬಂದಿದ್ದಳು. ಮುದುಕಿಯಾದ ನರ್ಸ್ ಬಾಚಣಿಗೆ ಕೆಳಗಿಟ್ಟಳು.

"ನಿನ್ನ ವಿಷಯ ಹೊರಗೆ ಹಾಕಿದ್ದು ನಿಮ್ಮಪ್ಪನೇ ಕಣಮ್ಮಾ. ಬುಧವಾರದ ಪ್ರಾರ್ಥನಾ ಕೂಟದಲ್ಲಿ. ನಾನೂ ಇವಳೂ ಅಲ್ಲೇ ಇದ್ವಿ. 'ಹೆಸರು ಬೇಡ, ನಮ್ಮ ಮನೇದೇ ಒಂದು ಮಗು, ಬುದ್ಧಿ ಸ್ವಾಧೀನದಲ್ಲಿಲ್ಲ, ಪ್ರಾರ್ಥಿಸಿ' ಅಂದ್ರು. ಅವರ ಮನೇಲಿದ್ದ ಮಗು ನೀನೊಬ್ಬಳೇ. ಆಮೆನ್ ಅಂದವರೆಲ್ಲ ಮನೆಗೆ ಹೋಗಿ ಹೇಳಿದ್ರು."

"ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ಇವಳು ಬಿಡೋಕೆ ಬಿಡ್ಲಿಲ್ಲ. 'ತಾಯಿ ಇಲ್ಲದ ಹುಡುಗಿ. ಅಪ್ಪನ್ನೂ ಕಿತ್ಕೊಂಡ್ರೆ ಅವಳಿಗೆ ಉಳಿಯೋದೇನು?' ಅಂತ ನನ್ನ ಕೈ ಹಿಡ್ಕೊಂಡ್ಲು." ನರ್ಸ್ ಹೆಣದ ತಣ್ಣನೆಯ ಬೆರಳು ಸವರಿದಳು. "ಈಗ ನೋಡು, ಕೈ ಸಡಿಲ ಆಯ್ತು."

* * *

ಪ್ರಾರ್ಥನಾಲಯದಲ್ಲಿ ಹಿರಿಯ ತಾನೇ ಬರೆದ ಶ್ರದ್ಧಾಂಜಲಿಯ ಹಾಳೆಯನ್ನು ಮಗಳ ಕೈಗೆ ಕೊಟ್ಟ. ಅವಳು ಓದುಮೇಜಿನ ಬಳಿ ನಿಂತು ಗಟ್ಟಿಯಾಗಿ ಓದಿದಳು: "ನಾಲಿಗೆಯಲ್ಲಿ ಎಡವಿದರೂ ಕ್ಷಮೆ ಹೊಂದಿದ ನಮ್ಮ ಸಹೋದರಿ..."

ಅಲ್ಲಿಗೆ ನಿಲ್ಲಿಸಿ ಹಾಳೆಯನ್ನು ಎರಡಾಗಿ ಹರಿದಳು.

"ಇದು ಸುಳ್ಳು. ಹುಚ್ಚಿ ಅಂತ ನೀವೆಲ್ಲ ಮನೆಮನೆಗೆ ಹಂಚಿದ್ದು ನನ್ನ ಸುದ್ದೀನ. ಅದನ್ನ ಹೇಳಿದ್ದು ಇವಳಲ್ಲ, ನಮ್ಮಪ್ಪ. ಪ್ರಾರ್ಥನೆ ಹೆಸರಲ್ಲಿ ಹೇಳಿದ್ರು, ಪ್ರಾರ್ಥನೆ ಹೆಸರಲ್ಲೇ ನೀವು ಕೇಳಿದ್ರಿ. ಇವಳು ಎಲ್ಲಾ ಗೊತ್ತಿದ್ದೂ, ನನಗೋಸ್ಕರ, ನಿಮ್ಮ ಬಾಯಿಗೆ ಆಹಾರ ಆಗಿ ಬದುಕಿದ್ಲು."

"ಕೂತ್ಕೋ!" ಹಿರಿಯ ಗುಡುಗಿದ.

"ಕೂರಲ್ಲಪ್ಪಾ. ಇದು ಅವಳ ಜಾಗ. ಅವಳು ಓದ್ಬೇಕಿದ್ದ ಪಾಠ ಇವತ್ತು ನಾನು ಓದ್ತೀನಿ."

ಅವಳು ಬೈಬಲ್ ತೆರೆದಳು. ಮೊದಲು ನರ್ಸ್ ಮಂಡಿ ಹಿಡಿದುಕೊಂಡು ಎದ್ದು ನಿಂತಳು. ಆಮೇಲೆ ಹಿಂದಿನ ಬೆಂಚಿನ ಆ ಇಬ್ಬರು. ಆಮೇಲೆ ಬೆಂಚುಬೆಂಚೇ ಕಿರುಗುಟ್ಟಿ ಎದ್ದಿತು.

"ಎಲ್ರೂ ಕೂತ್ಕೊಳ್ಳಿ!" ಊರುಗೋಲು ನೆಲಕ್ಕೆ ಬಡಿಯಿತು, ಮತ್ತೆ ಬಡಿಯಿತು.

ಯಾರೂ ಕೂರಲಿಲ್ಲ.