ಎಡಗೈಯ ಸುತ್ತು

ಹಿತ್ತಲಿನ ನಲ್ಲಿಯ ಬುಡದಿಂದ ನೀರು ಚಿಮ್ಮಿ, ಕೈ ತೊಳೆಯಲು ಬಂದವರ ಬಟ್ಟೆಯೆಲ್ಲ ಒದ್ದೆಯಾದಾಗ ಮಗಳು ಕಣ್ಣೊರೆಸಿಕೊಂಡು ಎದ್ದು ಹೋಗಿ ವಾಲ್ವ್ ಮುಚ್ಚಿದಳು. ಒಳಗೆ ನಡುಮನೆಯಲ್ಲಿ ತೀರಿಕೊಂಡ ಅಪ್ಪನನ್ನು ಮಲಗಿಸಿದ್ದರು. ಕಂಡವರ ಮನೆಯ ಸೋರಿಕೆಯನ್ನೆಲ್ಲ ನಿಲ್ಲಿಸುತ್ತಾ ಬದುಕಿದ ಮನುಷ್ಯನ ಮಾನವನ್ನು ಅವರದೇ ಮನೆಯ ನಲ್ಲಿ, ಅದೂ ಇವತ್ತೇ, ಹರಾಜು ಹಾಕಿತ್ತು.

“ಇವತ್ತೊಂದಿನ ಬಿಡಮ್ಮಾ, ಬೇರೆ ಯಾರನ್ನಾದ್ರೂ ಕರೆಸೋಣ,” ಎಂದರು ಪಾನಾ ಮಾಮ. ಅಪ್ಪನ ಜೊತೆ ಬಹುಕಾಲ ಪೈಪು ಹೊತ್ತವರು. ಮದುವೆ ಮನೆಗೆ ಹೋದರೂ ಸೊಂಟದಲ್ಲಿ ಪೈಪು ಬಿಗಿಯುವ ಪಾನಾ ಇಟ್ಟುಕೊಂಡಿರುತ್ತಿದ್ದುದರಿಂದ ಆ ಹೆಸರು.

“ಅಪ್ಪನ ಮನೆಗೆ ಬೇರೆ ಪ್ಲಂಬರ್ರಾ ಮಾಮ? ಎದ್ದು ಬಂದು ಬೈತಾರೆ.”

ಮಾಮ ನಗಲು ಹೋಗಿ ಮುಖ ತಿರುಗಿಸಿಕೊಂಡರು.

*

ಅವಳು ಎಡಚಿ. ಕೆಲಸ ಕಲಿಯುವಾಗ ಅವಳ ಕೈ, ನೀರು ಸೋರದಂತೆ ನಲ್ಲಿಯ ತಿರುಪುಗೆರೆಗಳಿಗೆ, ಅಂದರೆ ಥ್ರೆಡ್ಡಿಗೆ ಸುತ್ತುವ ಬಿಳಿ ಟೇಪನ್ನು ತಾನಾಗಿಯೇ ತಿರುವುಮುರುವಾಗಿ ಸುತ್ತುತ್ತಿತ್ತು. ನಲ್ಲಿಯನ್ನು ಬಿಗಿ ಮಾಡುತ್ತಿದ್ದಂತೆ ಆ ಟೇಪು ಥ್ರೆಡ್ಡಿನೊಳಗೆ ಕೂರುವ ಬದಲು ಬಿಚ್ಚಿಕೊಂಡು ಮುದ್ದೆಯಾಗುತ್ತಿತ್ತು. “ಬಿಗಿ ಮಾಡೋ ಕಡೆಗೇ ಸುತ್ತಬೇಕು ಕಣೇ. ಎಡಗೈನವರಿಗೆ ಇದೊಂದು ಗ್ರಹಚಾರ,” ಎನ್ನುತ್ತಾ ಅಪ್ಪ ಅದನ್ನು ಕಿತ್ತು ಮತ್ತೆ ಸುತ್ತಿಸುತ್ತಿದ್ದರು. ಸುತ್ತಿ ಸುತ್ತಿ ಅವಳ ಕೈ ಪಳಗಿತು.

ಸ್ವಂತವಾಗಿ ಕೆಲಸ ಹಿಡಿದು ಎಷ್ಟೋ ಕಾಲವಾದ ಮೇಲೆ ಒಂದು ದಿನ, ಅವಳು ಆಗಷ್ಟೇ ಕೆಲಸ ಮುಗಿಸಿಕೊಟ್ಟಿದ್ದ ಮನೆಯಿಂದ ಅಪ್ಪ ಹೊರಗೆ ಬರುವುದು ಕಣ್ಣಿಗೆ ಬಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ನನ್ನ ಕೈ ಮೇಲೆ ನಿಮಗಿನ್ನೂ ನಂಬಿಕೆ ಇಲ್ವಾ?” ಎಂದು ಬೀದಿಯಲ್ಲೇ ಕೇಳಿದಳು.

ಅಪ್ಪ ತಲೆ ತಗ್ಗಿಸಿ ಮುಂದೆ ನಡೆದುಬಿಟ್ಟರು. ಅಂದಿನಿಂದ ಅವಳೂ ಮಾತು ಬಿಟ್ಟಳು. ನಿನ್ನೆ ಸಂಜೆ ಅಪ್ಪ ಕೂತಲ್ಲೇ ಒರಗಿದರು. ಅವಳು ಕೇಳಿದ್ದಕ್ಕೆ ಉತ್ತರ ಸಿಗದೇ ಹೋಯಿತು.

*

ನಲ್ಲಿ ಬಿಚ್ಚಿದಾಗ ಟೇಪು ಮುದ್ದೆಯಾಗಿ ಹೊರಗೆ ಇಣುಕುತ್ತಿತ್ತು. ಅದು ಎಂಥವರ ತಪ್ಪು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಈ ನಲ್ಲಿಯನ್ನು ಅವಳು ಮುಟ್ಟಿಯೇ ಇರಲಿಲ್ಲ.

“ಮಾಮ, ಇದನ್ನ ಹಾಕಿದ್ದು ಯಾರು?”

“ನಿಮ್ಮಪ್ಪನೇ. ಹೋದ ವಾರ.”

“ಸುಳ್ಳು ಹೇಳಬೇಡಿ. ಅಪ್ಪ ಹೀಗೆ ಸುತ್ತಲ್ಲ.”

ಮಾಮ ಕಟ್ಟೆಯ ಮೇಲೆ ಕೂತರು. “ಬಲಗೈಲಿ ಶಕ್ತಿ ಹೋಗಿತ್ತು ಕಣಮ್ಮಾ. ಟೇಪ್ ಹಿಡಿಯಕ್ಕೂ ಆಗ್ತಿರಲಿಲ್ಲ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದ. ‘ಅವಳು ಎಡಗೈಲಿ ಅದ್ಹೇಗೆ ಅಷ್ಟು ಚೆನ್ನಾಗಿ ಕೂರಿಸ್ತಾಳೋ’ ಅಂತ, ನೀನು ಮಾಡಿದ ಕೆಲಸ ನೋಡಕ್ಕೇ ಮನೆಮನೆಗೆ ಹೋಗ್ತಿದ್ದ.”

“ನನ್ನನ್ನೇ ಕೇಳಬಹುದಿತ್ತಲ್ಲ!”

“ಕೇಳಬೇಕು ಅಂತಲೇ ಇದ್ದ. ಅಷ್ಟ್ರಲ್ಲಿ ನೀನು ಮಾತು ಬಿಟ್ಟೆ.”

ಅವಳು ಹಳೆಯ ಟೇಪನ್ನೆಲ್ಲ ಕಿತ್ತು, ಥ್ರೆಡ್ ಒರೆಸಿ, ಹೊಸದಾಗಿ ಸುತ್ತಿ ನಲ್ಲಿ ಕೂರಿಸಿದಳು. ವಾಲ್ವ್ ತೆರೆದಾಗ ಒಂದು ಹನಿಯೂ ಜಿನುಗಲಿಲ್ಲ. ಜನ ಮತ್ತೆ ಕೈ ತೊಳೆಯತೊಡಗಿದರು.

ಒಳಗೆ ಎತ್ತುವ ಹೊತ್ತಾಗಿತ್ತು. “ಒಂದು ನಿಮಿಷ ತಡೀರಿ,” ಎಂದು ಅವಳು ಅಪ್ಪನ ಪಕ್ಕ ಕೂತು, ಬಟ್ಟೆ ಸರಿಸಿ ಎಡಗೈಯನ್ನು ಎತ್ತಿಕೊಂಡಳು. ಹೆಬ್ಬೆಟ್ಟಿನ ತುದಿಯಲ್ಲಿ, ತೋರುಬೆರಳಿನ ತುದಿಯಲ್ಲಿ, ಥ್ರೆಡ್ಡಿನ ಅಂಚು ತಾಗಿದ ಸಣ್ಣ ಸಣ್ಣ ಗೀರುಗಳಿದ್ದವು, ಹೊಸದಾಗಿ ಕೆಲಸ ಕಲಿಯುವವರ ಬೆರಳಿಗೆ ಆಗುವಂಥವು. ಕೆಲವಂತೂ ಇನ್ನೂ ಮಾಗಿರಲಿಲ್ಲ.